ಫಾರ್ಮುಲಾ ಕೊನೆಗೆ ಬರಲಿ: ಪಿಯುಸಿ ಫಿಸಿಕ್ಸ್ ಲೆಕ್ಕ ಬಿಡಿಸುವ ಬಗೆ

ಲೆಕ್ಕ ಓದಿದ ತಕ್ಷಣ "ಇದಕ್ಕೆ ಯಾವ ಫಾರ್ಮುಲಾ?" ಎಂದು ತಡಕಾಡುವುದನ್ನು ಒಂದು ವಾರ ಬಿಟ್ಟು ನೋಡಿ. ಪ್ರಥಮ ಪಿಯುಸಿಗೆ ಬಂದ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ. ಹತ್ತನೇ ತರಗತಿವರೆಗೆ ಒಂದು ಲೆಕ್ಕಕ್ಕೆ ಒಂದು ಸೂತ್ರ ಸಾಕಾಗುತ್ತಿತ್ತು. ಸಂಖ್ಯೆ ಹಾಕಿದರೆ ಉತ್ತರ ಬರುತ್ತಿತ್ತು. ಪಿಯುಸಿಯಲ್ಲಿ ಹಾಗಲ್ಲ. ಚಲನೆಯ ಪಾಠದಲ್ಲಿ ಮೂರು ಸಮೀಕರಣ ಇರುತ್ತವೆ, ಒಂದೊಂದರಲ್ಲೂ ಪ್ಲಸ್ಸೋ ಮೈನಸ್ಸೋ ಎಂಬ ಗೊಂದಲ. ಬಲದ ಪಾಠಕ್ಕೆ ಬಂದರೆ ಸೂತ್ರ ಒಂದೇ. ಆದರೆ ಅದನ್ನು ಯಾವ ವಸ್ತುವಿಗೆ ಹಾಕಬೇಕು ಅನ್ನುವುದೇ ಅಲ್ಲಿ ಲೆಕ್ಕ.

ಸೂತ್ರ ಗೊತ್ತಿಲ್ಲದೆ ಲೆಕ್ಕ ತಪ್ಪುವುದು ಕಡಿಮೆ. ಏನು ನಡೆಯುತ್ತಿದೆ ಎಂದು ಕಣ್ಣಿಗೆ ಕಟ್ಟಿಕೊಳ್ಳದೆ ತಪ್ಪುವುದೇ ಜಾಸ್ತಿ. ಅದಕ್ಕೇ ನಾನು ಪಾಠ ಮಾಡುವಾಗ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೇನೆ: ಮೊದಲ ಎರಡು ನಿಮಿಷ ಯಾರೂ ಸೂತ್ರ ಬರೆಯುವಂತಿಲ್ಲ. ಆ ಎರಡು ನಿಮಿಷದಲ್ಲಿ ಏನು ಮಾಡಬೇಕು, ಆಮೇಲೆ ಚಲನೆ, ಬಲ, ಕ್ಷೇತ್ರ, ಅಲೆ ಈ ನಾಲ್ಕು ಕಡೆ ಅದು ಹೇಗೆ ಕೆಲಸಕ್ಕೆ ಬರುತ್ತದೆ ಎಂದು ಇಲ್ಲಿ ಲೆಕ್ಕ ಮಾಡಿಯೇ ತೋರಿಸುತ್ತೇನೆ. ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಂಡು ಓದಿ. ಸುಮ್ನೆ ಕಣ್ಣಾಡಿಸಿದರೆ ಇದು ಕೈಗೆ ಹತ್ತುವುದಿಲ್ಲ.

ಮೊದಲ ಎರಡು ನಿಮಿಷ

ಲೆಕ್ಕವನ್ನು ಎರಡು ಸಲ ಓದಿ. ಎರಡನೇ ಸಲ ಓದಿದ ಮೇಲೆ ಪುಸ್ತಕ ಮುಚ್ಚಿ, ಏನಾಯಿತು ಎಂದು ನಿಮ್ಮ ಮಾತಿನಲ್ಲಿ ಹೇಳಿಕೊಳ್ಳಿ. "ಬಸ್ ಬರ್ತಾ ಇದೆ, ಡ್ರೈವರ್ ಅಡ್ಡ ಬಂದ ಹಸು ನೋಡಿದ, ಬ್ರೇಕ್ ಹಾಕಿದ, ಬಸ್ ನಿಂತಿತು" ಅನ್ನುವಷ್ಟು ಸರಳವಾಗಿ. ಹೀಗೆ ಹೇಳಲು ಬರಲಿಲ್ಲ ಅಂದರೆ ಲೆಕ್ಕ ಇನ್ನೂ ಅರ್ಥವಾಗಿಲ್ಲ. ಆಗ ಸೂತ್ರ ಹುಡುಕಿ ಪ್ರಯೋಜನವಿಲ್ಲ.

ಆಮೇಲೆ ಚಿತ್ರ. ಚೆನ್ನಾಗಿರಬೇಕು ಎಂದೇನಿಲ್ಲ, ದೊಡ್ಡದಾಗಿದ್ದರೆ ಸಾಕು. ಬಸ್ಸಿಗೆ ಒಂದು ಚೌಕ, ಕಲ್ಲಿಗೆ ಒಂದು ಚುಕ್ಕೆ. ಚಿತ್ರದ ಮೇಲೆ ಕೊಟ್ಟಿರುವ ಸಂಖ್ಯೆಗಳನ್ನು ಬರೆಯಿರಿ. ಕೇಳಿರುವುದರ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಯಾವ ದಿಕ್ಕು ಪ್ಲಸ್ ಎಂದು ಒಂದು ಬಾಣ ಎಳೆಯಿರಿ. ಈ ಬಾಣ ಎಳೆಯಲು ಎರಡು ಸೆಕೆಂಡ್ ಸಾಕು. ಚಲನೆಯ ಲೆಕ್ಕಗಳಲ್ಲಿ ಆಗುವ ಅರ್ಧ ತಪ್ಪನ್ನು ಅದೊಂದೇ ತಡೆಯುತ್ತದೆ.

ಇನ್ನು ಮಾನಗಳು. ಕಿಲೋಮೀಟರ್, ಸೆಂಟಿಮೀಟರ್, ಗ್ರಾಂ, ಮೈಕ್ರೋಕೂಲಂಬ್ ಏನೇ ಇರಲಿ, ಈಗಲೇ ಮೀಟರ್, ಕಿಲೋಗ್ರಾಂ, ಸೆಕೆಂಡ್, ಕೂಲಂಬ್‌ಗೆ ತಿರುಗಿಸಿ. "ಆಮೇಲೆ ಮಾಡಿದರಾಯಿತು" ಎಂದುಕೊಂಡರೆ ಮರೆತೇಹೋಗುತ್ತದೆ. ಗಂಟೆಗೆ ಕಿಲೋಮೀಟರನ್ನು ಸೆಕೆಂಡಿಗೆ ಮೀಟರ್ ಮಾಡಲು 5/18ರಿಂದ ಗುಣಿಸಿ. 18 ಕಿ.ಮೀ. ಅಂದರೆ 5 ಮೀಟರ್, 36 ಅಂದರೆ 10, 72 ಅಂದರೆ 20. ಇಷ್ಟು ಬಾಯಲ್ಲಿದ್ದರೆ ಬಹಳ ಸಮಯ ಉಳಿಯುತ್ತದೆ.

ಕೊನೆಯದಾಗಿ, ಮಾತಿನಲ್ಲಿ ಅಡಗಿರುವ ಸಂಖ್ಯೆಗಳನ್ನು ಹೊರಗೆಳೆಯಿರಿ. "ನಿಶ್ಚಲ ಸ್ಥಿತಿಯಿಂದ ಹೊರಟಿತು" ಅಂದರೆ ಆರಂಭದ ವೇಗ ಸೊನ್ನೆ. "ಗರಿಷ್ಠ ಎತ್ತರ" ಅಂದರೆ ಅಲ್ಲಿ ಮೇಲ್ಮುಖ ವೇಗ ಸೊನ್ನೆ. "ನಯವಾದ ಮೇಲ್ಮೈ" ಅಂದರೆ ಘರ್ಷಣೆ ಇಲ್ಲ. "ಏಕರೂಪ ವೇಗ" ಅಂದರೆ ವೇಗೋತ್ಕರ್ಷ ಸೊನ್ನೆ, ಹಾಗಾಗಿ ಒಟ್ಟು ಬಲವೂ ಸೊನ್ನೆ. "ಹಗುರ ದಾರ" ಅಂದರೆ ದಾರದ ಉದ್ದಕ್ಕೂ ಎಳೆತ ಒಂದೇ. ಲೆಕ್ಕ ಬರೆದವರು ಈ ಪದಗಳನ್ನು ಅಲಂಕಾರಕ್ಕೆ ಹಾಕಿರುವುದಿಲ್ಲ. "ಈ ಲೆಕ್ಕದಲ್ಲಿ ಸಾಕಷ್ಟು ಮಾಹಿತಿನೇ ಕೊಟ್ಟಿಲ್ಲ" ಎಂದು ಅನಿಸಿದಾಗ ಮತ್ತೊಮ್ಮೆ ಪದಗಳನ್ನೇ ನೋಡಿ. ಹೆಚ್ಚಿನ ಸಲ ಬೇಕಾದದ್ದು ಅಲ್ಲೇ ಇರುತ್ತದೆ.

ಚಲನೆ: ಹಂತಗಳನ್ನು ಬೇರೆ ಮಾಡಿ

ಬಸ್ಸಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. ಬಸ್ ಗಂಟೆಗೆ 72 ಕಿ.ಮೀ. ವೇಗದಲ್ಲಿದೆ. ಹಸು ಕಂಡು ಬ್ರೇಕ್ ಒತ್ತಲು ಡ್ರೈವರಿಗೆ 1 ಸೆಕೆಂಡ್ ಬೇಕಾಯಿತು. ಬ್ರೇಕ್ ಹಿಡಿದ ಮೇಲೆ ವೇಗ ಪ್ರತಿ ಸೆಕೆಂಡಿಗೆ 5 ಮೀ/ಸೆ ಕಡಿಮೆಯಾಗುತ್ತಾ ಹೋಗುತ್ತದೆ. ಹಸು ಕಂಡಲ್ಲಿಂದ ಎಷ್ಟು ದೂರದಲ್ಲಿ ಬಸ್ ನಿಲ್ಲುತ್ತದೆ?

ಕತೆಯಾಗಿ ಹೇಳಿಕೊಂಡವರಿಗೆ ಇಲ್ಲಿ ಎರಡು ಹಂತ ಕಾಣುತ್ತದೆ. ಮೊದಲ ಸೆಕೆಂಡಿನಲ್ಲಿ ಬ್ರೇಕ್ ಇಲ್ಲ, ವೇಗ 20 ಮೀ/ಸೆ ಹಾಗೇ ಇದೆ. ದೂರ 20 ಮೀಟರ್. ಎರಡನೇ ಹಂತದಲ್ಲಿ 20ರಿಂದ ಸೊನ್ನೆಗೆ ಇಳಿಯುತ್ತದೆ. ವೇಗದ ವರ್ಗ 400, ಅದನ್ನು 5ರ ಎರಡರಷ್ಟರಿಂದ ಭಾಗಿಸಿದರೆ 40 ಮೀಟರ್. ಒಟ್ಟು 60 ಮೀಟರ್. ಕತೆ ಹೇಳಿಕೊಳ್ಳದವರು ಇಡೀ ಪಯಣಕ್ಕೆ ಒಂದೇ ಸಮೀಕರಣ ಹಾಕಿ ಸಿಕ್ಕಿಬೀಳುತ್ತಾರೆ. ಆ ಮೂರು ಸಮೀಕರಣಗಳು ವೇಗೋತ್ಕರ್ಷ ಬದಲಾಗದೆ ಇರುವಷ್ಟು ಹೊತ್ತು ಮಾತ್ರ ನಡೆಯುತ್ತವೆ. ವೇಗೋತ್ಕರ್ಷ ಬದಲಾದ ಕಡೆ ಗೆರೆ ಎಳೆದು ಹೊಸ ಹಂತ ಶುರು ಮಾಡಲೇಬೇಕು.

ಅದೇ ಬಸ್ 36 ಕಿ.ಮೀ. ವೇಗದಲ್ಲಿದ್ದರೆ? ಮೊದಲ ಸೆಕೆಂಡಿಗೆ 10 ಮೀಟರ್, ಬ್ರೇಕಿನಲ್ಲಿ ಇನ್ನು 10 ಮೀಟರ್, ಒಟ್ಟು 20. ವೇಗ ಅರ್ಧವಾಯಿತು, ಬ್ರೇಕ್ ಹಿಡಿದ ದೂರ ಕಾಲು ಭಾಗಕ್ಕೆ ಇಳಿಯಿತು. ಶಾಲೆಯ ಮುಂದೆ ನಿಧಾನ ಹೋಗಿ ಎಂದು ಬೋರ್ಡ್ ಹಾಕುವುದು ಇದಕ್ಕೇ. ಒಂದು ಲೆಕ್ಕ ಮುಗಿದ ಮೇಲೆ ಹೀಗೆ ಒಂದು ಸಂಖ್ಯೆ ಬದಲಿಸಿ ಮತ್ತೆ ನೋಡುವ ಅಭ್ಯಾಸ ಬಹಳ ಒಳ್ಳೆಯದು.

ಈಗ ಚಿಹ್ನೆಯ ಮಾತು. 20 ಮೀಟರ್ ಎತ್ತರದ ಕಟ್ಟಡದ ತಾರಸಿಯ ಅಂಚಿನಿಂದ ಒಂದು ಕಲ್ಲನ್ನು 15 ಮೀ/ಸೆ ವೇಗದಲ್ಲಿ ನೇರ ಮೇಲಕ್ಕೆ ಎಸೆದಿದ್ದೀರಿ. ಅದು ನೆಲಕ್ಕೆ ಬೀಳಲು ಎಷ್ಟು ಹೊತ್ತು? ಲೆಕ್ಕ ಸುಲಭವಾಗಲಿ ಎಂದು ಗುರುತ್ವ ವೇಗೋತ್ಕರ್ಷ 10 ಎಂದುಕೊಳ್ಳೋಣ.

ತುಂಬಾ ಮಂದಿ ಇದನ್ನು ಮೇಲೆ ಹೋಗುವುದು, ಕೆಳಗೆ ಬರುವುದು ಎಂದು ಎರಡು ಭಾಗ ಮಾಡುತ್ತಾರೆ. ತಪ್ಪಲ್ಲ, ಆದರೆ ಬೇಕಾಗಿಲ್ಲ. ಕೈಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೆ ವೇಗೋತ್ಕರ್ಷ ಒಂದೇ, ಕೆಳಮುಖ. ತುದಿಯಲ್ಲಿ ಕಲ್ಲು ಒಂದು ಕ್ಷಣ ನಿಂತಾಗಲೂ ಅದು ಸೊನ್ನೆ ಆಗುವುದಿಲ್ಲ, 10 ಆಗಿಯೇ ಇರುತ್ತದೆ. ಹಾಗಾಗಿ ಹಂತ ಒಂದೇ. ಮೇಲಿನ ದಿಕ್ಕು ಪ್ಲಸ್ ಎಂದು ಬಾಣ ಎಳೆಯಿರಿ. ಈಗ ಆರಂಭದ ವೇಗ +15, ವೇಗೋತ್ಕರ್ಷ −10, ಸ್ಥಾನಪಲ್ಲಟ −20. ಕಲ್ಲು ಎಷ್ಟೇ ಸುತ್ತಿ ಬರಲಿ, ಕೊನೆಗೆ ಅದು ಹೊರಟ ಜಾಗಕ್ಕಿಂತ 20 ಮೀಟರ್ ಕೆಳಗಿದೆ, ಅಲ್ವಾ? ಅದಕ್ಕೇ ಮೈನಸ್.

ಸಮಯವನ್ನು ಟಿ ಎಂದು ಕರೆದರೆ −20 = 15 ಟಿ − 5 ಟಿ². ಐದರಿಂದ ಭಾಗಿಸಿ ಜೋಡಿಸಿದರೆ ಟಿ² − 3 ಟಿ − 4 = 0. ಉತ್ತರ ಎರಡು: 4 ಸೆಕೆಂಡ್ ಮತ್ತು −1 ಸೆಕೆಂಡ್.

ಆ −1 ಅನ್ನು ಕಂಡ ಕೂಡಲೇ ಎಲ್ಲರೂ ಅಡ್ಡಗೆರೆ ಎಳೆದು ಬಿಡುತ್ತಾರೆ. ಉತ್ತರ 4 ಸೆಕೆಂಡ್ ಅನ್ನುವುದು ಸರಿಯೇ. ಆದರೆ −1ಕ್ಕೂ ಅರ್ಥ ಇದೆ. ನೀವು ಎಸೆಯುವ 1 ಸೆಕೆಂಡ್ ಮೊದಲು ಯಾರಾದರೂ ನೆಲದಿಂದ 25 ಮೀ/ಸೆ ವೇಗದಲ್ಲಿ ಕಲ್ಲೆಸೆದಿದ್ದರೆ, ಅದು 1 ಸೆಕೆಂಡಿನಲ್ಲಿ 20 ಮೀಟರ್ ಏರಿ, ನಿಮ್ಮ ಕೈಯ ಪಕ್ಕದಲ್ಲೇ, ಸರಿಯಾಗಿ 15 ಮೀ/ಸೆ ವೇಗದಲ್ಲಿ ಹಾದುಹೋಗುತ್ತಿತ್ತು. ಸಮೀಕರಣಕ್ಕೆ ನೀವು ಯಾವಾಗ ಎಸೆದಿರಿ ಎಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಆ ಚಲನೆ ಮಾತ್ರ, ಹಿಂದಕ್ಕೂ ಮುಂದಕ್ಕೂ. ಗಣಿತ ಕೊಟ್ಟ ಪ್ರತಿ ಉತ್ತರಕ್ಕೂ "ನೀನು ಏನು ಹೇಳ್ತಿದ್ದೀಯ?" ಎಂದು ಕೇಳಿ ನೋಡಿ. ಫಿಸಿಕ್ಸ್ ರುಚಿ ಹತ್ತುವುದು ಇಂಥ ಕಡೆಯೇ.

ಓರೆಯಾಗಿ ಎಸೆದ ಚೆಂಡಿನ ಲೆಕ್ಕಗಳಿಗೂ ಹೊಸದೇನೂ ಬೇಡ. ಹಾಳೆಯ ಮಧ್ಯೆ ಒಂದು ಗೆರೆ ಎಳೆದು ಎಡಕ್ಕೆ ಅಡ್ಡ ಚಲನೆ, ಬಲಕ್ಕೆ ಲಂಬ ಚಲನೆ ಬರೆಯಿರಿ. ಎಡಕ್ಕೆ ವೇಗೋತ್ಕರ್ಷ ಸೊನ್ನೆ, ಬಲಕ್ಕೆ ಗುರುತ್ವ. ಎರಡಕ್ಕೂ ಸಾಮಾನ್ಯವಾಗಿರುವುದು ಸಮಯ ಒಂದೇ. ಒಂದು ಕಡೆ ಸಮಯ ಕಂಡುಹಿಡಿದು ಇನ್ನೊಂದು ಕಡೆ ಹಾಕಿ.

ಬಲ: ಒಂದು ವಸ್ತು ಆರಿಸಿ, ಉಳಿದದ್ದನ್ನು ಅಳಿಸಿ

ನ್ಯೂಟನ್ನನ ಎರಡನೇ ನಿಯಮ ಎಲ್ಲರಿಗೂ ಬಾಯಿಪಾಠ. ಒಟ್ಟು ಬಲ ಅಂದರೆ ದ್ರವ್ಯರಾಶಿ ಗುಣಿಸು ವೇಗೋತ್ಕರ್ಷ. ಕಷ್ಟ ಇರುವುದು "ಒಟ್ಟು" ಅನ್ನುವ ಪದದಲ್ಲಿ. ಅದಕ್ಕೆ ಫ್ರೀ ಬಾಡಿ ಡಯಾಗ್ರಾಂ ಬೇಕು. ಒಂದೇ ಒಂದು ವಸ್ತುವನ್ನು ಆರಿಸಿ, ಚುಕ್ಕೆಯಾಗಿ ಬರೆಯಿರಿ. ಅದರ ಮೇಲೆ ಬೇರೆಯವರು ಹಾಕುವ ಬಲಗಳನ್ನು ಮಾತ್ರ ಬಾಣವಾಗಿ ಎಳೆಯಿರಿ. ಆ ವಸ್ತು ಬೇರೆಯವರ ಮೇಲೆ ಹಾಕುವ ಬಲಕ್ಕೆ ಇಲ್ಲಿ ಜಾಗವಿಲ್ಲ.

ಯಾವ ಬಲವೂ ಬಿಟ್ಟುಹೋಗದಂತೆ ನೋಡಿಕೊಳ್ಳಲು ಒಂದು ಸುಲಭ ದಾರಿ ಇದೆ. ಮೊದಲು ತೂಕ, ಅದು ಯಾವಾಗಲೂ ಇರುತ್ತದೆ, ನೇರ ಕೆಳಕ್ಕೆ. ಆಮೇಲೆ ವಸ್ತುವನ್ನು ಏನೇನು ಮುಟ್ಟುತ್ತಿದೆ ಎಂದು ಸುತ್ತ ನೋಡಿ. ನೆಲ ಮುಟ್ಟಿದರೆ ನಾರ್ಮಲ್ ಬಲ, ಅಂದರೆ ಮೇಲ್ಮೈ ತನಗೆ ಲಂಬವಾಗಿ ತಳ್ಳುವ ಬಲ; ಒರಟಾಗಿದ್ದರೆ ಘರ್ಷಣೆಯೂ ಸೇರಿತು. ದಾರ ಮುಟ್ಟಿದರೆ ಎಳೆತ. ಮುಟ್ಟದೆ ಇರುವುದು ಬಲ ಹಾಕುವುದಿಲ್ಲ. ಗುರುತ್ವ, ವಿದ್ಯುತ್, ಕಾಂತ ಇವು ಮಾತ್ರ ಹೊರತು. ಪ್ರತಿ ಬಾಣಕ್ಕೂ "ಇದನ್ನು ಯಾರು ಹಾಕಿದರು?" ಎಂದು ಕೇಳಿ. ಉತ್ತರ ಇಲ್ಲದ ಬಾಣವನ್ನು ಅಳಿಸಿ. ಮೇಲಕ್ಕೆ ಹೋಗುತ್ತಿರುವ ಕಲ್ಲಿನ ಮೇಲೆ ಮೇಲ್ಮುಖ ಬಾಣ ಎಳೆಯುವವರು ಪ್ರತಿ ವರ್ಷವೂ ಸಿಗುತ್ತಾರೆ. ಕೈಬಿಟ್ಟ ಮೇಲೆ ಕಲ್ಲನ್ನು ಮೇಲಕ್ಕೆ ತಳ್ಳುತ್ತಿರುವವರು ಯಾರು? ಯಾರೂ ಇಲ್ಲ. ಅದಕ್ಕೆ ಇರುವುದು ವೇಗ, ಬಲವಲ್ಲ.

ಲಿಫ್ಟಿನ ಲೆಕ್ಕ ನೋಡಿ. 50 ಕಿಲೋ ತೂಗುವ ಹುಡುಗಿ ಲಿಫ್ಟಿನಲ್ಲಿ ತೂಕದ ಯಂತ್ರದ ಮೇಲೆ ನಿಂತಿದ್ದಾಳೆ. ಲಿಫ್ಟ್ ಕೆಳಗಿಳಿಯುತ್ತಿದೆ. ನೆಲ ಮಹಡಿ ಹತ್ತಿರ ಬಂದಾಗ 2 ಮೀ/ಸೆ² ದರದಲ್ಲಿ ನಿಧಾನವಾಗುತ್ತದೆ. ಯಂತ್ರ ಎಷ್ಟು ತೋರಿಸುತ್ತದೆ?

"ಕೆಳಗೆ ಹೋಗ್ತಿದೆ, ಹಾಗಾದ್ರೆ ತೂಕ ಕಡಿಮೆ" ಎಂದು ಬಾಯಿಗೆ ಬರುತ್ತದೆ. ತಾಳಿ. ಕೆಳಮುಖವಾಗಿರುವುದು ವೇಗ. ಅದು ಕಡಿಮೆಯಾಗುತ್ತಿದೆ, ಅಂದರೆ ವೇಗೋತ್ಕರ್ಷ ವೇಗಕ್ಕೆ ವಿರುದ್ಧ, ಮೇಲ್ಮುಖ. ಹುಡುಗಿಯ ಮೇಲೆ ಬಲಗಳು ಎರಡೇ: ತೂಕ 50 × 9.8 = 490 ನ್ಯೂಟನ್ ಕೆಳಕ್ಕೆ (ಇನ್ನು ಮುಂದೆ ಗುರುತ್ವ ವೇಗೋತ್ಕರ್ಷ 9.8 ಎಂದೇ ಹಾಕೋಣ), ಯಂತ್ರದ ನಾರ್ಮಲ್ ಬಲ ಮೇಲಕ್ಕೆ. ನಾರ್ಮಲ್ ಬಲದಲ್ಲಿ 490 ಕಳೆದರೆ 50 × 2 = 100 ಆಗಬೇಕು. ಹಾಗಾದರೆ ನಾರ್ಮಲ್ ಬಲ 590 ನ್ಯೂಟನ್. ಯಂತ್ರ ಸುಮಾರು 60 ಕಿಲೋ ತೋರಿಸುತ್ತದೆ. ಲಿಫ್ಟ್ ನಿಲ್ಲುವಾಗ ಕಾಲಿಗೆ ಭಾರ ಬಿದ್ದಂತಾಗುವುದು ಇದೇ. ಮುಂದಿನ ಸಲ ಹತ್ತಿದಾಗ ಗಮನವಿಟ್ಟು ನೋಡಿ.

ಇನ್ನು ಇಳಿಜಾರು. ಲಾರಿಯಿಂದ ಅಕ್ಕಿ ಮೂಟೆ ಇಳಿಸಲು 30 ಡಿಗ್ರಿ ಓರೆಯಲ್ಲಿ ಹಲಗೆ ಒರಗಿಸಿದ್ದಾರೆ. ಮೂಟೆ 50 ಕಿಲೋ, ಘರ್ಷಣಾಂಕ 0.4 ಎಂದುಕೊಳ್ಳಿ. ಬಿಟ್ಟರೆ ಮೂಟೆ ತಾನಾಗಿ ಜಾರುತ್ತದೆಯೇ? ಜಾರಿದರೆ ವೇಗೋತ್ಕರ್ಷ ಎಷ್ಟು?

ಇಲ್ಲಿ ಅಕ್ಷಗಳನ್ನು ಹಲಗೆಯ ಜೊತೆ ಓರೆ ಮಾಡಿಕೊಳ್ಳಿ, ಒಂದು ಹಲಗೆಯ ಉದ್ದಕ್ಕೆ, ಇನ್ನೊಂದು ಅದಕ್ಕೆ ಲಂಬವಾಗಿ. ಆಗ ತೂಕವೊಂದನ್ನೇ ಎರಡು ಭಾಗ ಮಾಡಿದರೆ ಸಾಕು. ಹಲಗೆಯ ಉದ್ದಕ್ಕೆ 490 × ಸೈನ್ 30 = 245 ನ್ಯೂಟನ್. ಹಲಗೆಗೆ ಲಂಬವಾಗಿ 490 × ಕಾಸ್ 30 = 424 ನ್ಯೂಟನ್. ಹಲಗೆಯೊಳಕ್ಕೆ ಮೂಟೆ ಇಳಿಯುವುದಿಲ್ಲ, ಹಾಗಾಗಿ ನಾರ್ಮಲ್ ಬಲವೂ 424. ಘರ್ಷಣೆ ಹೆಚ್ಚೆಂದರೆ 0.4 × 424 = 170 ನ್ಯೂಟನ್. ಎಳೆಯುವುದು 245, ತಡೆಯುವುದು 170. ಮೂಟೆ ಜಾರುತ್ತದೆ. ಉಳಿದ 75 ನ್ಯೂಟನ್ 50 ಕಿಲೋ ಮೂಟೆಗೆ ಕೊಡುವ ವೇಗೋತ್ಕರ್ಷ 1.5 ಮೀ/ಸೆ².

ಸೈನೋ ಕಾಸೋ ಎಂದು ಮರೆತರೆ ಬಾಯಿಪಾಠ ನೆನಪಿಸಿಕೊಳ್ಳುವುದು ಬೇಡ. ಹಲಗೆಯನ್ನು ಪೂರ್ತಿ ಮಲಗಿಸಿ ನೋಡಿ. ಕೋನ ಸೊನ್ನೆ, ಆಗ ಉದ್ದಕ್ಕೆ ಎಳೆತ ಇರಬಾರದು. ಸೊನ್ನೆ ಡಿಗ್ರಿಗೆ ಸೊನ್ನೆ ಆಗುವುದು ಸೈನ್. ಮುಗಿಯಿತು.

ಘರ್ಷಣೆ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಲೇಬೇಕು. ಘರ್ಷಣಾಂಕವನ್ನು ನಾರ್ಮಲ್ ಬಲದಿಂದ ಗುಣಿಸಿದಾಗ ಬರುವುದು ಜಾರದೆ ಹಿಡಿದಿಡಬಲ್ಲ ಘರ್ಷಣೆಯ ಮಿತಿ. ಯಾವಾಗಲೂ ಅಷ್ಟೇ ಇರುತ್ತದೆ ಎಂದಲ್ಲ. ನೆಲದ ಮೇಲೆ 10 ಕಿಲೋ ಪೆಟ್ಟಿಗೆ ಇದೆ, ಸ್ಥಿತಿ ಘರ್ಷಣಾಂಕ 0.5. ಮಿತಿ 49 ನ್ಯೂಟನ್. ನೀವು 20 ನ್ಯೂಟನ್ ಬಲದಲ್ಲಿ ತಳ್ಳಿದರೆ ಘರ್ಷಣೆ ಎಷ್ಟು? 20 ಮಾತ್ರ. 49 ಎಂದು ಬರೆದರೆ ಏನಾಗುತ್ತದೆ ಯೋಚಿಸಿ. ನೀವು ಮುಂದಕ್ಕೆ ತಳ್ಳಿದ ಪೆಟ್ಟಿಗೆ 29 ನ್ಯೂಟನ್ ಬಲದಲ್ಲಿ ನಿಮ್ಮ ಮೇಲೇ ಬರಬೇಕಾಗುತ್ತದೆ! ಆದ್ದರಿಂದ ಘರ್ಷಣೆ ಇರುವ ಪ್ರತಿ ಲೆಕ್ಕದಲ್ಲೂ ಮೊದಲ ಪ್ರಶ್ನೆ "ಜಾರುತ್ತಿದೆಯೋ, ನಿಂತಿದೆಯೋ?" ಎಂಬುದು. ಉತ್ತರ ಸಿಕ್ಕ ಮೇಲೆ ಮುಂದಿನದು.

ದಾರ ಕಟ್ಟಿದ ಎರಡು ವಸ್ತುಗಳ ಲೆಕ್ಕದಲ್ಲಿ ವೇಗೋತ್ಕರ್ಷ ಬೇಕಿದ್ದರೆ ಎರಡನ್ನೂ ಒಂದೇ ವಸ್ತು ಎಂದು ನೋಡಿ. ಎಳೆತ ಬೇಕಿದ್ದರೆ ಒಂದನ್ನು ಬೇರೆ ಮಾಡಿ ನೋಡಿ. ಅಷ್ಟೇ.

ಕ್ಷೇತ್ರ: ಎಲ್ಲಿಂದ ಅಳೆಯುತ್ತಿದ್ದೀರಿ?

ಕ್ಷೇತ್ರದ ಲೆಕ್ಕಗಳು ಕಷ್ಟ ಅನಿಸುವುದು ಅದು ಕಣ್ಣಿಗೆ ಕಾಣುವುದಿಲ್ಲ ಎಂಬ ಕಾರಣಕ್ಕೆ. ಆದರೆ ಕೇಳುವುದು ಇಷ್ಟೇ: ಇಲ್ಲಿ ಒಂದು ಪುಟ್ಟ ವಸ್ತು ಇಟ್ಟರೆ ಅದನ್ನು ಯಾವ ಕಡೆಗೆ, ಎಷ್ಟು ಜೋರಾಗಿ ತಳ್ಳುತ್ತದೆ? ಗುರುತ್ವವಾದರೆ ಒಂದು ಕಿಲೋ, ವಿದ್ಯುತ್ ಆದರೆ ಒಂದು ಸಣ್ಣ ಧನ ಆವೇಶ.

ಗುರುತ್ವದಲ್ಲಿ ಅತಿ ಹೆಚ್ಚು ಕಾಣುವ ತಪ್ಪು ದೂರದ್ದು. ಹಾಸನದಲ್ಲಿ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ ಇದೆ. ನಮ್ಮ ಭೂಸ್ಥಿರ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಆ ಉಪಗ್ರಹಗಳು ನೆಲದಿಂದ ಸುಮಾರು 35,800 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅಲ್ಲಿ ಗುರುತ್ವ ಎಷ್ಟು? ಸೂತ್ರದಲ್ಲಿ ಬರುವ ದೂರ ಭೂಮಿಯ ಕೇಂದ್ರದಿಂದ. ಭೂಮಿಯ ತ್ರಿಜ್ಯ ಸುಮಾರು 6,400 ಕಿ.ಮೀ. ಎರಡೂ ಸೇರಿ 42,200. ಇದು ತ್ರಿಜ್ಯದ 6.6 ಪಟ್ಟು. ದೂರ 6.6 ಪಟ್ಟು ಆದರೆ ಗುರುತ್ವ 6.6ರ ವರ್ಗದಷ್ಟು, ಅಂದರೆ ಸುಮಾರು 44 ಪಟ್ಟು ಕಡಿಮೆ. 9.8 ಭಾಗಿಸು 44, ಸುಮಾರು 0.22 ಮೀ/ಸೆ². ನೋಡಿ, ಗುರುತ್ವ ನಿಯತಾಂಕವೂ ಬೇಕಾಗಲಿಲ್ಲ, ಭೂಮಿಯ ದ್ರವ್ಯರಾಶಿಯೂ ಬೇಕಾಗಲಿಲ್ಲ. ಅನುಪಾತದಲ್ಲೇ ಕೆಲಸ ಆಯಿತು. ಎತ್ತರವನ್ನೇ ದೂರ ಎಂದು ಹಾಕಿದವರಿಗೆ 0.31 ಬರುತ್ತದೆ. ಪರೀಕ್ಷೆಯ ನಾಲ್ಕು ಆಯ್ಕೆಗಳಲ್ಲಿ ಇಂಥದ್ದೂ ಕೂತಿರಬಹುದು, ಹುಷಾರು. "ಅಲ್ಲಿ ಗುರುತ್ವ ಇಲ್ಲ" ಅನ್ನುವುದೂ ತಪ್ಪು. ಆ 0.22 ಇರುವುದರಿಂದಲೇ ಉಪಗ್ರಹ ನೇರ ಹೋಗದೆ ಸುತ್ತುತ್ತಿದೆ.

ಈಗ ವಿದ್ಯುತ್. 4 ಮೈಕ್ರೋಕೂಲಂಬ್ ಮತ್ತು 1 ಮೈಕ್ರೋಕೂಲಂಬ್ ಆವೇಶಗಳು, ಎರಡೂ ಧನ, 30 ಸೆಂ.ಮೀ. ದೂರದಲ್ಲಿವೆ. ಕ್ಷೇತ್ರ ಎಲ್ಲಿ ಸೊನ್ನೆ?

ಬೀಜಗಣಿತಕ್ಕೆ ಹೋಗುವ ಮೊದಲು ಜಾಗ ಹುಡುಕಿ. ಎರಡೂ ಧನ, ಎರಡೂ ತಳ್ಳುತ್ತವೆ. ಹೊರಗಡೆ ಇಟ್ಟರೆ ಎರಡೂ ಒಂದೇ ಕಡೆಗೆ ತಳ್ಳುತ್ತವೆ, ಸೊನ್ನೆ ಆಗಲು ಸಾಧ್ಯವೇ ಇಲ್ಲ. ಹಾಗಾದರೆ ನಡುವೆಯೇ ಇರಬೇಕು, ಅದೂ ಚಿಕ್ಕದರ ಹತ್ತಿರ. ಆವೇಶ 4 ಪಟ್ಟು ಇದ್ದರೆ ದೂರ 2 ಪಟ್ಟು ಇರಬೇಕು, ವರ್ಗ ಇದೆಯಲ್ಲ. 30ನ್ನು 2:1ರಲ್ಲಿ ಹಂಚಿ. ದೊಡ್ಡದರಿಂದ 20, ಚಿಕ್ಕದರಿಂದ 10 ಸೆಂ.ಮೀ. ಮನಸ್ಸಿನಲ್ಲೇ ಆಯಿತು.

ಚಿಕ್ಕದು ಋಣ ಆಗಿದ್ದರೆ? ಈಗ ನಡುವೆ ಒಂದು ತಳ್ಳುತ್ತದೆ, ಇನ್ನೊಂದು ಅದೇ ಕಡೆಗೆ ಎಳೆಯುತ್ತದೆ. ಸೊನ್ನೆ ಹೊರಗಡೆಯೇ ಇರಬೇಕು, ಚಿಕ್ಕದರ ಆಚೆ. ಅಲ್ಲೂ ದೂರ 2:1. ಚಿಕ್ಕದರಿಂದ 30, ದೊಡ್ಡದರಿಂದ 60. ಇದೇ ಜೋಡಿಗೆ ವಿಭವ (ಒಂದು ಕೂಲಂಬ್ ಆವೇಶಕ್ಕೆ ಆ ಜಾಗದಲ್ಲಿರುವ ಸ್ಥಿತಿಶಕ್ತಿ) ಎಲ್ಲಿ ಸೊನ್ನೆ ಎಂದು ಕೇಳಿದರೆ ದಾರಿ ಬೇರೆ. ವಿಭವಕ್ಕೆ ದಿಕ್ಕಿಲ್ಲ, ದೂರಕ್ಕೆ ವರ್ಗವೂ ಇಲ್ಲ. ದೂರ 4:1. ನಡುವೆ, ಚಿಕ್ಕದರಿಂದ 6 ಸೆಂ.ಮೀ.ನಲ್ಲಿ ಒಂದು ಸೊನ್ನೆ ಸಿಗುತ್ತದೆ. ಚಿಕ್ಕದರ ಆಚೆ 10 ಸೆಂ.ಮೀ.ನಲ್ಲಿ ಇನ್ನೊಂದು. ಎರಡೂ ಕಡೆ ಕ್ಷೇತ್ರ ಸೊನ್ನೆ ಅಲ್ಲ. ಕ್ಷೇತ್ರಕ್ಕೂ ವಿಭವಕ್ಕೂ ಇರುವ ವ್ಯತ್ಯಾಸ ಈ ಒಂದು ಲೆಕ್ಕ ಮಾಡಿದರೆ ಗಟ್ಟಿಯಾಗುತ್ತದೆ.

ಇದೇ ಲೆಕ್ಕ ಗುರುತ್ವದ ಪಾಠದಲ್ಲೂ ಬರುತ್ತದೆ. ಭೂಮಿ ಚಂದ್ರನಿಗಿಂತ ಸುಮಾರು 81 ಪಟ್ಟು ಭಾರ. ಇಬ್ಬರ ನಡುವೆ ಸುಮಾರು 3,84,000 ಕಿ.ಮೀ. ದೂರ. ಇಬ್ಬರ ಎಳೆತ ಸಮ ಆಗುವ ಜಾಗ ಎಲ್ಲಿ? 81ರ ವರ್ಗಮೂಲ 9. ದೂರವನ್ನು 9:1ರಲ್ಲಿ ಹಂಚಿದರೆ ಭೂಮಿಯಿಂದ ಸುಮಾರು 3,46,000 ಕಿ.ಮೀ. ಪಾಠ ಬೇರೆ, ಲೆಕ್ಕ ಒಂದೇ. ಇದು ಕಂಡ ದಿನ ಓದಬೇಕಾದ ಹೊರೆ ಅರ್ಧ ಇಳಿಯುತ್ತದೆ.

ಕಾಂತಕ್ಷೇತ್ರದಲ್ಲಿ ಎರಡು ವಿಷಯ ಮರೆಯಬೇಡಿ. ಅದು ಚಲಿಸುವ ಆವೇಶದ ಮೇಲೆ ಹಾಕುವ ಬಲ ಯಾವಾಗಲೂ ವೇಗಕ್ಕೆ ಲಂಬ. ಆದ್ದರಿಂದ ದಿಕ್ಕು ತಿರುಗಿಸುತ್ತದೆ, ಜವ ಹೆಚ್ಚಿಸುವುದಿಲ್ಲ. ಮತ್ತೊಂದು, ಎಲೆಕ್ಟ್ರಾನ್ ಆದರೆ ಬಲಗೈ ನಿಯಮದಿಂದ ಸಿಕ್ಕ ಬಲದ ದಿಕ್ಕನ್ನು ಉಲ್ಟಾ ಮಾಡಿ.

ಅಲೆ: ಯಾವುದು ಬದಲಾಗುತ್ತದೆ, ಯಾವುದು ಇಲ್ಲ

ಅಲೆಯ ವೇಗ = ಆವೃತ್ತಿ × ತರಂಗದೂರ. ಈ ಮೂರರಲ್ಲಿ ಯಾವುದನ್ನು ಯಾರು ತೀರ್ಮಾನಿಸುತ್ತಾರೆ ಎಂದು ತಿಳಿದರೆ ಅರ್ಧ ಪಾಠ ಮುಗಿದಂತೆ. ಆವೃತ್ತಿಯನ್ನು ತೀರ್ಮಾನಿಸುವುದು ಅಲೆ ಎಬ್ಬಿಸಿದ ಮೂಲ. ವೇಗವನ್ನು ತೀರ್ಮಾನಿಸುವುದು ಅದು ಸಾಗುವ ಮಾಧ್ಯಮ. ತರಂಗದೂರ ಈ ಎರಡಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಗಾಳಿಯಿಂದ ನೀರಿಗೆ ಸದ್ದು ಹೋದರೆ ಆವೃತ್ತಿ ಅದೇ. ವೇಗ ಸುಮಾರು 340ರಿಂದ 1,480 ಮೀ/ಸೆಗೆ ಏರುತ್ತದೆ, ತರಂಗದೂರವೂ ಅಷ್ಟೇ ಪಟ್ಟು ಉದ್ದವಾಗುತ್ತದೆ.

ಮನೆಯ ರೇಡಿಯೋದಲ್ಲೇ ಒಂದು ಲೆಕ್ಕ ಮಾಡಿ. ಆಕಾಶವಾಣಿ ಬೆಂಗಳೂರು ಮಧ್ಯಮ ತರಂಗದಲ್ಲಿ 612 ಕಿಲೋಹರ್ಟ್ಸ್. ಬೆಳಕಿನ ವೇಗ 30 ಕೋಟಿ ಮೀ/ಸೆ, ಅದನ್ನು 6,12,000ದಿಂದ ಭಾಗಿಸಿ. ತರಂಗದೂರ 490 ಮೀಟರ್. ಬೆಂಗಳೂರಿನ ಎಫ್‌ಎಂ ರೇನ್‌ಬೋ 101.3 ಮೆಗಾಹರ್ಟ್ಸ್, ತರಂಗದೂರ 3 ಮೀಟರಿಗೆ ತುಸು ಕಡಿಮೆ. ಒಂದು ಅಲೆ ಅರ್ಧ ಕಿಲೋಮೀಟರ್ ಉದ್ದ, ಇನ್ನೊಂದು ಒಂದು ಕೋಣೆಯಷ್ಟು. ವೇಗ ಮಾತ್ರ ಎರಡಕ್ಕೂ ಒಂದೇ.

ಪರೀಕ್ಷೆಯಲ್ಲಿ ಅಲೆಯ ಸಮೀಕರಣ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಉದಾಹರಣೆಗೆ ವೈ = 0.02 ಸೈನ್ (4 ಎಕ್ಸ್ − 200 ಟಿ), ಎಲ್ಲವೂ ಮೀಟರ್, ಸೆಕೆಂಡಿನಲ್ಲಿ. ಇದನ್ನು ಎಡದಿಂದ ಓದುತ್ತಾ ಹೋಗಿ. 0.02 ಪಾರ, ಅಂದರೆ ಕಣ 2 ಸೆಂ.ಮೀ. ಆಚೀಚೆ ಓಲಾಡುತ್ತದೆ. ಎಕ್ಸ್ ಪಕ್ಕದ 4ರಿಂದ ತರಂಗದೂರ: 2 ಪೈ ಭಾಗಿಸು 4, ಅಂದರೆ 1.57 ಮೀಟರ್. ಟಿ ಪಕ್ಕದ 200ರಿಂದ ಆವೃತ್ತಿ: 200 ಭಾಗಿಸು 2 ಪೈ, ಸುಮಾರು 32 ಹರ್ಟ್ಸ್. ವೇಗ 200 ಭಾಗಿಸು 4, ಅಂದರೆ 50 ಮೀ/ಸೆ. ನಡುವೆ ಮೈನಸ್ ಇರುವುದರಿಂದ ಅಲೆ ಎಕ್ಸ್‌ನ ಪ್ಲಸ್ ಕಡೆಗೆ ಹೋಗುತ್ತಿದೆ.

"ಕಣದ ಗರಿಷ್ಠ ವೇಗ ಎಷ್ಟು?" ಎಂದು ಕೇಳಿದರೆ 50 ಎಂದು ಬರೆಯಬೇಡಿ. ಅಲೆ ಮುಂದೆ ಓಡುತ್ತದೆ, ಕಣ ಇದ್ದಲ್ಲೇ ಓಲಾಡುತ್ತದೆ. ಕಣದ ಗರಿಷ್ಠ ವೇಗ 0.02 × 200 = 4 ಮೀ/ಸೆ. ಎರಡಕ್ಕೂ ಸಂಬಂಧ ಇಲ್ಲದಷ್ಟು ವ್ಯತ್ಯಾಸ.

ಕೊಳವೆ ಮತ್ತು ತಂತಿಯ ಲೆಕ್ಕಗಳಿಗೆ ಪಟ್ಟಿ ಕಂಠಪಾಠ ಬೇಡ, ಚಿತ್ರ ಬರೆಯಿರಿ. ಮುಚ್ಚಿದ ತುದಿಯಲ್ಲಿ ಗಾಳಿ ಅಲುಗಾಡಲಾರದು, ತೆರೆದ ತುದಿಯಲ್ಲಿ ಚೆನ್ನಾಗಿ ಅಲುಗಾಡುತ್ತದೆ. 17 ಸೆಂ.ಮೀ. ಕೊಳವೆಯ ಒಂದು ತುದಿ ಮುಚ್ಚಿದ್ದರೆ ಅದರೊಳಗೆ ಅಲೆಯ ಕಾಲು ಭಾಗ ಕೂರುತ್ತದೆ. ತರಂಗದೂರ 68 ಸೆಂ.ಮೀ., ಆವೃತ್ತಿ 340 ಭಾಗಿಸು 0.68, ಅಂದರೆ 500 ಹರ್ಟ್ಸ್. ಎರಡೂ ತುದಿ ತೆರೆದಿದ್ದರೆ ಅರ್ಧ ಅಲೆ ಕೂರುತ್ತದೆ, 1,000 ಹರ್ಟ್ಸ್.

ಉತ್ತರ ಬಂದ ಮೇಲೆ

ಉತ್ತರದ ಕೆಳಗೆ ಗೆರೆ ಎಳೆಯುವ ಮೊದಲು ಅರ್ಧ ನಿಮಿಷ ಕೊಡಿ. ಮಾನ ಸರಿಯಾಗಿದೆಯೇ? ದೂರ ಕೇಳಿದ್ದಕ್ಕೆ ಉತ್ತರ ಮೀಟರಿನಲ್ಲಿದೆಯೇ? ಗಾತ್ರ ನಂಬುವಂತಿದೆಯೇ? ಬಸ್ ನಿಲ್ಲಲು 6 ಕಿಲೋಮೀಟರ್ ಅಂತ ಬಂದರೆ ಎಲ್ಲೋ ಸೊನ್ನೆ ಜಾಸ್ತಿ ಆಗಿದೆ.

ಮೂರನೆಯದು ನನಗೆ ಬಹಳ ಇಷ್ಟವಾದ ಪರೀಕ್ಷೆ: ತುದಿಗೆ ಎಳೆದು ನೋಡುವುದು. ಇಳಿಜಾರಿನ ಮೂಟೆಗೆ ವೇಗೋತ್ಕರ್ಷದ ಸೂತ್ರ ಸಿಗುತ್ತದಲ್ಲ, ಗುರುತ್ವ × (ಸೈನ್ ಕೋನ − ಘರ್ಷಣಾಂಕ × ಕಾಸ್ ಕೋನ), ಅದರಲ್ಲಿ 90 ಡಿಗ್ರಿ ಹಾಕಿ. ಪೂರ್ತಿ 9.8 ಬರುತ್ತದೆ. ಹಲಗೆ ನೆಟ್ಟಗೆ ನಿಂತರೆ ಮೂಟೆ ನೇರ ಬೀಳುತ್ತದೆ, ಸರಿಯೇ. ಸೊನ್ನೆ ಡಿಗ್ರಿ ಹಾಕಿದರೆ ಮೈನಸ್ ಬರುತ್ತದೆ. ಮಲಗಿಸಿದ ಹಲಗೆಯ ಮೇಲಿನ ಮೂಟೆ ತಾನಾಗಿ ಹಿಂದಕ್ಕೆ ಹೋಗುವುದಿಲ್ಲ. ಅಂದರೆ ಈ ಸೂತ್ರ ಕೆಳಗೆ ಜಾರುತ್ತಿರುವಾಗ ಮಾತ್ರ ಸಲ್ಲುತ್ತದೆ. ಜಾರಲು ಶುರುವಾಗುವುದು ಕೋನದ ಟ್ಯಾನ್ ಬೆಲೆ 0.4 ದಾಟಿದ ಮೇಲೆ, ಸುಮಾರು 22 ಡಿಗ್ರಿಯಲ್ಲಿ. ಮೂಟೆಯ ತೂಕ ಇಲ್ಲಿ ಎಲ್ಲೂ ಇಲ್ಲ ನೋಡಿ. 50 ಕಿಲೋ ಆದರೂ 5 ಕಿಲೋ ಆದರೂ ಅದೇ ಕೋನ.

ಇದೇ ಅಭ್ಯಾಸ ಕೆಸಿಇಟಿಯಲ್ಲಿ ಕೈಹಿಡಿಯುತ್ತದೆ. ಅಲ್ಲಿ ಫಿಸಿಕ್ಸಿಗೆ 80 ನಿಮಿಷದಲ್ಲಿ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡ್. ಸೂತ್ರರೂಪದ ಆಯ್ಕೆಗಳಿದ್ದರೆ ಮಾನ ಹೊಂದದ್ದನ್ನು ಮೊದಲು ತೆಗೆಯಿರಿ, ತುದಿಗೆ ಎಳೆದಾಗ ಕೆಡುವುದನ್ನು ಆಮೇಲೆ ತೆಗೆಯಿರಿ. ಎಷ್ಟೋ ಸಲ ಉಳಿಯುವುದು ಒಂದೇ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ. ಬೋರ್ಡ್ ಪರೀಕ್ಷೆಯಲ್ಲಿ ಇದರ ಉಲ್ಟಾ. ಅಲ್ಲಿ ದತ್ತಾಂಶ, ಸೂತ್ರ, ಬೆಲೆ ಹಾಕಿದ್ದು, ಮಾನದೊಂದಿಗೆ ಉತ್ತರ ಎಲ್ಲವನ್ನೂ ಸಾಲಾಗಿ ಬರೆಯಿರಿ. ಕೊನೆಯ ಗುಣಾಕಾರ ತಪ್ಪಿದರೂ ಮೇಲಿನ ಸಾಲುಗಳಿಗೆ ಅಂಕ ಸಿಗುತ್ತದೆ.

ಅಭ್ಯಾಸಕ್ಕೆ ದಿನಕ್ಕೆ ಮೂರೇ ಲೆಕ್ಕ ಸಾಕು, ಆದರೆ ಪೂರ್ತಿ ಮಾಡಿ. ಬಿಡಿಸಿದ ಉದಾಹರಣೆಯನ್ನು ಓದಿ "ಗೊತ್ತಾಯ್ತು" ಎಂದು ಮುಂದೆ ಹೋಗಬೇಡಿ. ಓದಿ, ಮುಚ್ಚಿಟ್ಟು, ಖಾಲಿ ಹಾಳೆಯಲ್ಲಿ ಮೊದಲಿಂದ ಬಿಡಿಸಿ. ಸಿಕ್ಕಿಬಿದ್ದ ಜಾಗಕ್ಕೆ ಗುರುತು ಹಾಕಿ. ಮೂರು ದಿನ ಬಿಟ್ಟು ಅದೇ ಲೆಕ್ಕಕ್ಕೆ ಮತ್ತೆ ಬನ್ನಿ.

ಇವತ್ತಿಗೆ ಒಂದು ಲೆಕ್ಕ ಕೊಡುತ್ತೇನೆ. ಜೋಗ ಜಲಪಾತದ ಎತ್ತರ 253 ಮೀಟರ್. ಆ ಎತ್ತರದಿಂದ ಒಂದು ಕಲ್ಲನ್ನು ಸುಮ್ಮನೆ ಕೈಬಿಟ್ಟರೆ, ಅದು ತಳಕ್ಕೆ ಬಡಿದ ಸದ್ದು ಮೇಲಿರುವವರಿಗೆ ಎಷ್ಟು ಹೊತ್ತಿಗೆ ಮುಟ್ಟಬೇಕು? ಗಾಳಿಯ ತಡೆ, ನೀರಿನ ಭೋರ್ಗರೆತ ಎರಡನ್ನೂ ಬಿಟ್ಟುಬಿಡಿ. ಸದ್ದಿನ ವೇಗ 340 ಮೀ/ಸೆ ಎಂದುಕೊಳ್ಳಿ. ಮೊದಲು ಕತೆ ಹೇಳಿಕೊಳ್ಳಿ, ಹಂತ ಎಷ್ಟು ಎಂದು ಎಣಿಸಿ, ಬಾಣ ಎಳೆಯಿರಿ. ಕಲ್ಲು ಇಳಿಯಲು 7.19 ಸೆಕೆಂಡ್, ಸದ್ದು ಏರಲು 0.74 ಸೆಕೆಂಡ್, ಒಟ್ಟು 7.93 ನಿಮಗೂ ಬರಬೇಕು. ಬಂದ ಮೇಲೆ ಅದನ್ನೇ ತಿರುಗಿಸಿ: ಒಂದು ಬಾವಿಗೆ ಕಲ್ಲು ಬಿಟ್ಟು 2 ಸೆಕೆಂಡಿಗೆ ಸದ್ದು ಕೇಳಿಸಿದರೆ ನೀರು ಎಷ್ಟು ಆಳದಲ್ಲಿದೆ? ಸದ್ದಿನ ಸಮಯ ಬಿಟ್ಟು ಮಾಡಿದರೆ 19.6 ಮೀಟರ್, ಸೇರಿಸಿ ಮಾಡಿದರೆ ಸುಮಾರು 18.5.